ಗಾಜಿನ ಹಂಚಿನ ಬೆಳಕು

ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಕಾಲದಲ್ಲಿ, ಎಂದರೆ 1883ರಲ್ಲಿ, ಇಲ್ಲಿ ತಂಗಿದ್ದ ತರುಣ ರವೀಂದ್ರರು ಬೆಳದಿಂಗಳಲ್ಲಿ ಕಾಳೀನದಿಯ ಮೇಲೆ ದೋಣಿಯಲ್ಲಿ ವಿಹರಿಸಿದುದನ್ನು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿರುವರಷ್ಟೆ. ಆ ಚಂದ್ರಿಕೆಯನ್ನೂ ತೇಲುವ ದೋಣಿಯನ್ನೂ ಒಟ್ಟಿಗೆ ಹಿಡಿದಿಡುವ ಶಕ್ತಿ ಅಂದಿನ ಯಾವ ಛಾಯಾಫಲಕಕ್ಕೂ ಇರಲಿಲ್ಲ. ಹಗಲಿನ ಬೆಳಕನ್ನೇ ಕಾಡಿ ಬೇಡಿ ಕೋಣೆಯೊಳಕ್ಕೆ ಇಳಿಸಿಕೊಳ್ಳಬೇಕಾಗಿದ್ದ ಕಾಲವದು.

ವಿಲಾಯಿತಿಯ ಕೈಪಿಡಿಗಳು ಸ್ಟುಡಿಯೋದ ಗಾಜಿನ ಮಾಡು ಉತ್ತರಾಭಿಮುಖವಾಗಿರಲೆಂದು ವಿಧಿಸುತ್ತಿದ್ದುವು. ನಡುಹಗಲ ಸೂರ್ಯನು ಎಂದೂ ಉತ್ತರಕ್ಕೆ ಹಾಯದ ಲಂಡನ್ನಿಗೆ ಆ ವಿಧಿ ಯುಕ್ತವೇ. ಕಾರವಾರವಾದರೋ ಭೂಮಧ್ಯರೇಖೆಯಿಂದ ಸುಮಾರು 14.8 ಅಂಶ ಮಾತ್ರ ಉತ್ತರದಲ್ಲಿರುವ ಊರು. ಮೇ ತಿಂಗಳ ಆರಂಭದಿಂದ ಆಗಸ್ಟಿನ ಎರಡನೆಯ ವಾರದವರೆಗೂ ಮಧ್ಯಾಹ್ನದ ಸೂರ್ಯನು ನೆತ್ತಿಯನ್ನು ದಾಟಿ ಉತ್ತರದ ಕಡೆಗೇ ವಾಲಿರುತ್ತಾನೆ. ಮದುವೆಗಳ ಭರಾಟೆಯೂ ವೈಶಾಖದಲ್ಲಿಯೇ! ಪುಸ್ತಕವನ್ನೇ ನಂಬಿ ಕುಳಿತವನ ಚಿತ್ರದಲ್ಲಿ ಮದುಮಗಳಿಗೂ ನೆರಳಿನ ಮೀಸೆ ಮೂಡುವುದು ನಿಶ್ಚಯ.

ನಾನು ಚಿಕ್ಕಂದಿನಲ್ಲಿ ಕಂಡ ಅಂಕೋಲೆಯ ಸ್ಟುಡಿಯೋ ಒಂದರಲ್ಲಿ, ಮಂಗಳೂರು ಹಂಚಿನ ನಡುವೆ ಕೂರಿಸಿದ್ದ ಗಾಜಿನ ಹಂಚುಗಳ ಕೆಳಗೆ ಹಳೆಯ ಬಿಳಿಯ ಪಂಚೆಯೊಂದನ್ನು ಹಗ್ಗದ ಮೇಲೆ ಇಳಿಬಿಟ್ಟಿದ್ದರು. ಕೊರಳು ತುಂಬ ಕರಿಮಣಿ ಸರಗಳನ್ನು ಧರಿಸಿದ್ದ ಹಾಲಕ್ಕಿ ಒಕ್ಕಲಿಗರ ಮುದುಕಿಯೊಬ್ಬಳು ಸ್ಟೂಲಿನ ಮೇಲೆ ಕುಳಿತಿದ್ದಳು. ಎದುರು ಬೆಳಕಿನಲ್ಲಿ ಸರಗಳೆಲ್ಲ ಕೂಡಿ ಒಂದೇ ಕರಿಯ ಮುದ್ದೆಯಾಗಿ ಕಾಣುತ್ತಿರಲು, ಯಜಮಾನರು ಪಂಚೆಯ ಒಂದು ಮಗ್ಗುಲನ್ನು ಮೊಳದಷ್ಟು ಸರಿಸಿದರು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಮಣಿಮಣಿಗೂ ಒಂದೊಂದು ಚುಕ್ಕೆ ಹೊತ್ತಿಕೊಂಡಿತು. “ತಮಾ, ಮೂಗಿನ ನೆರಳು ತುಟಿಗೆ ಮುಟ್ಟಬಾರದು, ನೋಡು,” ಎಂದರು ನನಗೆ. ಬಳಿಕ, ಮುಖವೂ ಮಣಿಯೂ ಸಮನಾಗಿ ಸ್ಫುಟವಾಗಲೆಂದು ಲೆನ್ಸಿನ ರಂಧ್ರವನ್ನು ಕಿರಿದುಗೊಳಿಸಿ, ಹಾಗೆ ಕುಂದಿದ ಬೆಳಕಿಗೆ ಪ್ರತಿಯಾಗಿ ಹೊತ್ತನ್ನು ಹೆಚ್ಚಿಸಿ, ಲೆನ್ಸಿನ ಮುಚ್ಚಳ ತೆಗೆದು ಮೂರೆಣಿಸಿ ಮುಚ್ಚಿದರು. ಕ್ಯಾಮರಾದ ಶಾಸ್ತ್ರವೆಲ್ಲ ನನಗೆ ಅಂದು ಅಷ್ಟರಲ್ಲೇ ದೊರೆಯಿತು.

ಕಡಲಿನ ಉಪ್ಪುಗಾಳಿ ಈ ಕಸುಬಿಗೆ ವೈರಿಯೆಂಬುದು ದಿಟ. ಆದರೂ ಟಾಲ್ಬಟ್ ಎಂಬಾತನು ತನ್ನ ಚಿತ್ರಕಾಗದವನ್ನು ಸಿದ್ಧಪಡಿಸಿದ್ದು ಅಡಿಗೆಯ ಉಪ್ಪಿನ ನೀರಿನಲ್ಲಿ ಅದ್ದಿ, ಮೇಲೆ ಬೆಳ್ಳಿಯ ದ್ರಾವಣವನ್ನು ಸವರಿಯೇ. 1930ರ ಏಪ್ರಿಲ್ 13ರಂದು ಉಪ್ಪಿನ ಕಾಯಿದೆಯನ್ನು ಮುರಿದ ಅಂಕೋಲೆಯವರು ಈ ಕಲೆಯನ್ನು ಪರಕೀಯವೆಂದು ತಳ್ಳಲಾರರು.

ಆಷಾಢದಲ್ಲಿ ಲೆನ್ಸಿಗೆ ಬೂಷ್ಟು, ಪರದೆಗೆ ಗೆದ್ದಲು. ತೊಳೆದ ಚಿತ್ರಗಳು ಒಣಗದೆ ಯಜಮಾನರ ಮನೆಯ ಒಲೆಯ ಮೇಲಿನ ತಟ್ಟಿಗೆ ಹೋಗುತ್ತಿದ್ದುವು. ನಮ್ಮ ಚಿಕ್ಕಮ್ಮನ ಮದುವೆಯ ಫೋಟೋವನ್ನು ಮೂಸಿದರೆ ಈಗಲೂ ಸೌದೆಯ ಹೊಗೆ ನಾರುತ್ತದೆ.