ಅತಿಥಿ ಬಂದರೂ ಬಿಲ್, ಬಾರದಿದ್ದರೂ ಬಿಲ್: ಮೈಸೂರಿನ ಹೋಂಸ್ಟೇಗಳ ವಿದ್ಯುತ್-ನೀರಿನ ಲೆಕ್ಕ

ದಸರಾ ಸಮೀಪಿಸಿತೆಂದರೆ ಮೈಸೂರಿನಲ್ಲಿ ತಂಗಲು ಕೋಣೆ ದೊರೆಯುವುದೇ ದುಸ್ತರ. ದೀಪಾಲಂಕಾರ ಮುಗಿದು ಜನ ಚದುರಿದ ಮೇಲೆ ಅದೇ ಕೋಣೆಗಳಿಗೆ ವಾರಗಟ್ಟಲೆ ಬೀಗ. ಇದಕ್ಕೆ ಅಪವಾದ ಗೋಕುಲಂ. ಕೆ. ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದ ಬಳಿಕ, ಯೋಗಾಭ್ಯಾಸಕ್ಕೆಂದು ಬರುವ ವಿದೇಶೀಯರು ತಿಂಗಳುಗಟ್ಟಲೆ ಉಳಿಯುವುದು ರೂಢಿಯಾಗಿದೆ. ಎರಡೂ ಬಗೆಯ ಅತಿಥಿಗಳನ್ನು ನಂಬಿ ಮನೆಯ ಒಂದೆರಡು ಕೋಣೆಗಳನ್ನು ಬಾಡಿಗೆಗೆ ಕೊಡುವವರಿಗೆ ವಿದ್ಯುತ್, ನೀರು, ಅನಿಲದ ವೆಚ್ಚವೇ ಲಾಭವನ್ನು ನುಂಗತೊಡಗಿದೆ.

ಮೊದಲು ಪರಿಶೀಲಿಸಬೇಕಾದದ್ದು ಮೀಟರ್ ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು. ಮೈಸೂರಿಗೆ ವಿದ್ಯುತ್ ಪೂರೈಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ (ಸೆಸ್ಕ್). ದರ ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 2025ರ ಮಾರ್ಚ್‌ನ ಆದೇಶದಂತೆ 2025-26ನೇ ಸಾಲಿಗೆ ಗೃಹಬಳಕೆಯ ಪ್ರತಿ ಯೂನಿಟ್‌ಗೆ 5.80 ರೂಪಾಯಿ, ವಾಣಿಜ್ಯ ಬಳಕೆಗೆ 7 ರೂಪಾಯಿ ನಿಗದಿಯಾಯಿತು. ಇದರ ಮೇಲೆ ನೌಕರರ ಪಿಂಚಣಿ ಮತ್ತು ಗ್ರಾಚ್ಯುಯಿಟಿ ಬಾಬ್ತು 36 ಪೈಸೆ, ಶೇ 9ರ ವಿದ್ಯುತ್ ತೆರಿಗೆ. ಎಲ್ಲ ಸೇರಿ ಆ ಸಾಲಿನಲ್ಲಿ ಗೃಹಬಳಕೆಯ ಯೂನಿಟ್‌ಗೆ ಸುಮಾರು 6.70 ರೂಪಾಯಿ, ವಾಣಿಜ್ಯಕ್ಕೆ 8 ರೂಪಾಯಿ ತಗಲುತ್ತಿತ್ತು. ವಸತಿಗೃಹ, ಖಾಸಗಿ ಅತಿಥಿಗೃಹಗಳು ವಾಣಿಜ್ಯ ವರ್ಗದಲ್ಲಿವೆ. ತಮ್ಮ ಮನೆ ಯಾವ ಸಾಲಿಗೆ ಬರುತ್ತದೆಂದು ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರದೊಂದಿಗೆ ಸೆಸ್ಕ್ ಉಪವಿಭಾಗ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಲಿಖಿತವಾಗಿಯೇ ಪಡೆಯುವುದು ಕ್ಷೇಮ. ತಪಾಸಣೆಯ ದಿನ ಬಾಯಿಮಾತು ನೆರವಿಗೆ ಬಾರದು.

ಗೃಹಜ್ಯೋತಿಯ ವಿಷಯದಲ್ಲಿ ಎಡವುವವರೇ ಹೆಚ್ಚು. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆ ಮನೆಬಳಕೆಗೆ ಮಾತ್ರ, ವ್ಯಾಪಾರಕ್ಕೆ ಅನ್ವಯಿಸದು. ಕುಟುಂಬದ ಮತ್ತು ಅತಿಥಿಗಳ ಬಳಕೆ ಒಂದೇ ಮೀಟರಿನಲ್ಲಿ ಓಡಿದರೆ ನಿಯಮಭಂಗದ ಭಯ ಒಂದೆಡೆ, ನಷ್ಟ ಇನ್ನೊಂದೆಡೆ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಮೀರಿದಷ್ಟಕ್ಕೆ ಮಾತ್ರವಲ್ಲ, ಇಡೀ ಬಿಲ್ಲನ್ನು ತೆರಬೇಕು. ಕುಟುಂಬವೊಂದು 150 ಯೂನಿಟ್‌ನಲ್ಲಿ ಸಂಸಾರ ತೂಗಿಸುತ್ತಿದ್ದು, ಅತಿಥಿ 60 ಯೂನಿಟ್ ಬಳಸಿದನೆನ್ನಿ: 210 ಯೂನಿಟ್‌ಗೆ ಸುಮಾರು 1,400 ರೂಪಾಯಿ, ಮೇಲೆ ನಿಗದಿತ ಶುಲ್ಕ. ಅತಿಥಿಯ ಬಳಕೆಯ ಬೆಲೆ 400 ರೂಪಾಯಿಯಷ್ಟೇ. ಉಳಿದದ್ದು ಮನೆಯವರ ಸೌಲಭ್ಯ ಕೈತಪ್ಪಿದ ದಂಡ. ಅತಿಥಿ ಕೋಣೆಗಳಿಗೆ ಪ್ರತ್ಯೇಕ ಸಂಪರ್ಕ ಪಡೆಯುವುದು ದುಬಾರಿಯೆನಿಸಿದರೂ ಅದೇ ನೇರ ಮಾರ್ಗ.

ಬೀಗ ಹಾಕಿದ ಕೋಣೆಗೂ ಬಿಲ್ ಬರುವುದಕ್ಕೆ ಕಾರಣ ಈ ನಿಗದಿತ ಶುಲ್ಕ. 2025-26ರಲ್ಲಿ ಗೃಹಬಳಕೆಗೆ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ. ಐದು ಕಿಲೋವಾಟ್ ಮಂಜೂರಾಗಿದ್ದರೆ ದೀಪ ಹಚ್ಚದಿದ್ದರೂ 725 ರೂಪಾಯಿ. ತಿಂಗಳಲ್ಲಿ ಹತ್ತೇ ರಾತ್ರಿ ಕೋಣೆ ತುಂಬಿದರೆ ರಾತ್ರಿಗೆ 72 ರೂಪಾಯಿ ಈ ಬಾಬ್ತಿಗೇ ಹೋಯಿತು. ಅಗತ್ಯಕ್ಕಿಂತ ಹೆಚ್ಚು ಲೋಡ್ ಪಡೆದವರು ತಗ್ಗಿಸಲು ಅರ್ಜಿ ಹಾಕಬಹುದು. ಆದರೆ ಎರಡು ಗೀಸರ್, ಒಂದು ಎ.ಸಿ. ಏಕಕಾಲಕ್ಕೆ ಓಡುವ ಮನೆಯಲ್ಲಿ ಅದು ಅವಿವೇಕ.

ಬಳಕೆಯ ಪೈಕಿ ಕಣ್ಣಿಗೆ ಬೀಳದ ಕಳ್ಳ ಗೀಸರ್. ಇಪ್ಪತ್ತು ಲೀಟರ್‌ನ ಒಂದು ಬಕೆಟ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿಸಲು ಸುಮಾರು ಅರ್ಧ ಯೂನಿಟ್ ಬೇಕು. ಷವರ್ ಕೆಳಗೆ ಹತ್ತು ನಿಮಿಷ ನಿಂತವರು ನಾಲ್ಕು ಬಕೆಟ್ ಖಾಲಿ ಮಾಡಬಲ್ಲರು. ಹಳೆಯ ಮೈಸೂರಿನ ಮನೆಗಳ ಹಂಡೆ ಒಲೆಗೆ ಈ ಸಮಸ್ಯೆಯಿರಲಿಲ್ಲ, ಸೌದೆ ಒಡೆಯುವ ಕಷ್ಟ ಬೇರೆ! ಸೌರ ಜಲತಾಪಕವಿದ್ದರೆ ಮೋಡದ ದಿನಗಳ ಹೊರತು ಗೀಸರ್ ಬೇಕಿಲ್ಲ. ಕೊಳವೆಬಾವಿಯ ಗಡಸು ನೀರು ಬಳಸುವೆಡೆ ಗೀಸರಿನ ಕಾಯಿಲ್‌ಗೆ ಸುಣ್ಣದ ಪೊರೆ ಕಟ್ಟಿ ನೀರು ನಿಧಾನವಾಗಿ ಕಾಯುತ್ತದೆ. ವರ್ಷಕ್ಕೊಮ್ಮೆ ಶುಚಿ ಮಾಡಿಸಬೇಕು. ಎ.ಸಿ.ಯನ್ನು 24 ಡಿಗ್ರಿಗೆ ಇರಿಸಿದರೆ ಸಾಕು. ಪ್ರತಿ ಡಿಗ್ರಿ ಏರಿಕೆಗೆ ಶೇ 6ರಷ್ಟು ಉಳಿತಾಯವೆಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೊದ ಅಂದಾಜು. ಹಳೆಯ 75 ವಾಟ್ ಫ್ಯಾನಿನ ಕೆಲಸವನ್ನು ಬಿಎಲ್‌ಡಿಸಿ ಫ್ಯಾನ್ 30 ವಾಟ್ ಆಸುಪಾಸಿನಲ್ಲಿ ಮಾಡುತ್ತದೆ.

ಚಾವಣಿ ಸೌರ ವಿದ್ಯುತ್‌ಗೆ 2024ರ ಪಿ.ಎಂ. ಸೂರ್ಯಘರ್ ಯೋಜನೆಯಡಿ 2 ಕಿಲೋವಾಟ್‌ಗೆ 60 ಸಾವಿರ, 3 ಕಿಲೋವಾಟ್ ಮತ್ತು ಮೇಲ್ಪಟ್ಟದ್ದಕ್ಕೆ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಗಿದೆ. ಇದೂ ಗೃಹಬಳಕೆಯ ಸಂಪರ್ಕಕ್ಕೇ ಸೀಮಿತ. ವಾಣಿಜ್ಯ ಮೀಟರಿನವರು ಪೂರ್ಣ ಬೆಲೆ ತೆತ್ತೇ ಅಳವಡಿಸಬೇಕು.

ನೀರಿನಲ್ಲಿ ಸೋರಿಕೆಯೇ ಮುಖ್ಯ ಶತ್ರು. ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರಿದರೆ ಸಂಪಿನ ಮೋಟಾರ್ ಹೆಚ್ಚು ಓಡಿ ಎರಡು ಬಿಲ್ ಏರುತ್ತವೆ. ದೀರ್ಘಕಾಲ ತಂಗುವವರ ಹಾಸಿಗೆ ಹೊದಿಕೆಯನ್ನು ನಿತ್ಯ ಬದಲಿಸುವ ಅಗತ್ಯವಿಲ್ಲ. ಅಡುಗೆ ಅನಿಲದಲ್ಲಿ ಮಾತ್ರ ಅಡ್ಡದಾರಿ ಬೇಡ: 14.2 ಕೆ.ಜಿ.ಯ ಗೃಹಬಳಕೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು 2000ನೇ ಇಸವಿಯ ಎಲ್‌ಪಿಜಿ ನಿಯಂತ್ರಣ ಆದೇಶದ ಉಲ್ಲಂಘನೆ.

ಒಂದೆರಡು ರಾತ್ರಿ ತಂಗುವವರಿಂದ ಪ್ರತ್ಯೇಕವಾಗಿ ಕರೆಂಟ್ ಹಣ ಕೇಳಿದರೆ ಮನಸ್ತಾಪವೇ ಫಲ; ಅದನ್ನು ಬಾಡಿಗೆಯಲ್ಲೇ ಸೇರಿಸುವುದು ಲೇಸು. ತಿಂಗಳ ಅತಿಥಿಗಳ ವಿಷಯ ಬೇರೆ. ಇಂತಿಷ್ಟು ಯೂನಿಟ್ ಬಾಡಿಗೆಯಲ್ಲಿ ಅಡಕ, ಮೇಲಿನದ್ದಕ್ಕೆ ಬಿಲ್‌ನ ದರ ಎಂದು ಕೋಣೆ ಕಾಯ್ದಿರಿಸುವ ಮೊದಲೇ ಬರೆದು ತಿಳಿಸಿ, ಬಂದ ದಿನ ಮತ್ತು ಹೊರಡುವ ದಿನ ಮೀಟರ್ ಅಂಕಿಯನ್ನು ಅವರ ಎದುರಿನಲ್ಲೇ ಗುರುತು ಹಾಕಿಕೊಳ್ಳಬೇಕು.