ಕೊನೆಯ ಎರಡು ಹಲ್ಲು: ಕೀಳೋದಾ, ಉಳಿಸೋದಾ?

ಇವತ್ತಿನ ಕಥೆ ಒಂದೇ ಒಂದು ಹಲ್ಲಿನಿಂದ ಶುರುವಾಗುತ್ತೆ.

1789ರ ಏಪ್ರಿಲ್ 30. ನ್ಯೂಯಾರ್ಕ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ತಗೊಳ್ತಿದ್ದಾರೆ. ಅಷ್ಟು ಹೊತ್ತಿಗೆ ಅವರ ಬಾಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ. ಅವರದು ಮರದ ಹಲ್ಲು ಅಂತ ನೀವು ಕೇಳಿರಬಹುದು. ಅದು ಬರೀ ಕಟ್ಟುಕಥೆ. ದಂತವೈದ್ಯ ಜಾನ್ ಗ್ರೀನ್‌ವುಡ್ ಮಾಡಿಕೊಟ್ಟ ಸೆಟ್ಟು ನೀರಾನೆಯ ದಂತದ್ದು. ಅದರಲ್ಲಿ ಮನುಷ್ಯರ ಹಲ್ಲುಗಳನ್ನು ಕೂರಿಸಿದ್ದರು. ನಮಗೆ ಮುಖ್ಯವಾದದ್ದು ಅದರ ಕೆಳಭಾಗದಲ್ಲಿರುವ ಒಂದು ತೂತು. ಉಳಿದಿದ್ದ ಆ ಒಂಟಿ ಹಲ್ಲು ತೂರಿಕೊಳ್ಳಲಿ ಅಂತಲೇ ಬಿಟ್ಟಿದ್ದ ತೂತು ಅದು. 1796ರಲ್ಲಿ ಆ ಹಲ್ಲನ್ನೂ ಕೀಳಬೇಕಾಯ್ತು. ಗ್ರೀನ್‌ವುಡ್ ಅದನ್ನು ಗಾಜಿನ ಪದಕದೊಳಗೆ ಇಟ್ಟು ಕಾಪಾಡಿಕೊಂಡರು.

ಒಂದು ಹಲ್ಲಿಗೆ ಯಾಕಿಷ್ಟು ಬೆಲೆ? ಹಲ್ಲಿನ ಬೇರನ್ನು ದವಡೆಯ ಮೂಳೆಗೆ ಕಟ್ಟಿಹಾಕಿರೋದು ಸಣ್ಣ ಸಣ್ಣ ನಾರುಗಳು. ಅನ್ನದಲ್ಲಿ ಪುಟ್ಟ ಕಲ್ಲು ಸಿಕ್ಕಿದ ತಕ್ಷಣ ನಮಗೆ ಗೊತ್ತಾಗುತ್ತಲ್ಲ, ಅದು ಆ ನಾರುಗಳ ಕೆಲಸ. ಬೇರು ಇರೋವರೆಗೂ ಸುತ್ತಲಿನ ಮೂಳೆಗೆ ಕೆಲಸ ಇರುತ್ತೆ. ಬೇರು ಹೋದರೆ ಮೂಳೆ ವರ್ಷ ವರ್ಷವೂ ಕರಗುತ್ತಾ ಹೋಗುತ್ತೆ. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಇದು ಇನ್ನೂ ಜಾಸ್ತಿ. ಅಜ್ಜಿ ಹೊಸದಾಗಿ ಹಲ್ಲು ಕಟ್ಟಿಸಿಕೊಂಡಾಗ ಸರಿಯಾಗಿದ್ದ ಕೆಳಗಿನ ಸೆಟ್ಟು ಕೆಲವೇ ವರ್ಷಗಳಲ್ಲಿ ಯಾಕೆ ಅಲ್ಲಾಡುತ್ತೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ.

19ನೇ ಶತಮಾನದಲ್ಲಿ ಹಲ್ಲು ಕೀಳೋದು ತುಂಬಾ ಸುಲಭವಾಯ್ತು. 1846ರಲ್ಲಿ ಬಾಸ್ಟನ್‌ನ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ರೋಗಿಗೆ ಅರಿವು ತಪ್ಪಿಸಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ವಲ್ಕನೈಟ್ ಅನ್ನೋ ಗಟ್ಟಿ ರಬ್ಬರ್ ಬಂದು ಸೆಟ್ಟುಗಳೂ ಅಗ್ಗವಾದವು. ನೋವಿಲ್ಲದೆ ಎಲ್ಲಾ ಕೀಳಿಸಿ, ಕಡಿಮೆ ದುಡ್ಡಲ್ಲಿ ಹೊಸದು ಹಾಕಿಸಿಕೊಳ್ಳಿ ಅನ್ನೋ ಕಾಲ ಅದು.

ಆ ಕಾಲದಲ್ಲೂ ಬೇರೆ ದಾರಿ ಯೋಚಿಸಿದವರಿದ್ದರು. 1856ರಲ್ಲಿ ಇಂಗ್ಲೆಂಡಿನ ಲೆಡ್ಜರ್ ಅನ್ನೋ ದಂತವೈದ್ಯರು ಬೇರುಗಳನ್ನು ಹಾಗೇ ಉಳಿಸಿ ಅವುಗಳ ಮೇಲೆ ಸೆಟ್ಟು ಕೂರಿಸುವ ಬಗ್ಗೆ ಬರೆದರು. ಇವತ್ತು ನಾವು ಓವರ್‌ಡೆಂಚರ್ ಅನ್ನೋದರ ಮೂಲ ಅದೇ. ಆದರೆ ಆಗ ನಂಬಿಕೆಯ ರೂಟ್ ಕೆನಾಲ್ ಇರಲಿಲ್ಲ, ಎಕ್ಸ್‌ರೇ ಇರಲಿಲ್ಲ. ಉಳಿಸಿದ ಬೇರು ಒಳಗೊಳಗೇ ಕೀವಾಗುತ್ತಿದ್ದದ್ದೂ ನಿಜ.

1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್, ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣ ಮಾಡಿದರು. ಕೊಳೆತ ಬೇರುಗಳ ಮೇಲೆ ಚಿನ್ನದ ಕೆಲಸ ಮಾಡ್ತಿದ್ದೀರಿ, ಅಲ್ಲಿಂದಲೇ ದೇಹಕ್ಕೆಲ್ಲ ರೋಗ ಹರಡುತ್ತಿದೆ ಅಂತ ಬೈದರು. ಕೊಳಕಿನ ಬಗ್ಗೆ ಅವರು ಹೇಳಿದ್ದು ಸರಿಯೇ. ಆದರೆ ಆ ಭಯ ಎಲ್ಲಿಗೆ ಹೋಯ್ತು ಅಂದರೆ, ಮುಂದಿನ ಕೆಲವು ದಶಕ ಮಂಡಿನೋವಿಗೂ ಹಲ್ಲು ಕಿತ್ತರು. ಗಟ್ಟಿಯಾಗಿದ್ದ ಎಷ್ಟೋ ಹಲ್ಲು ಸುಮ್ಮನೆ ಹೋದವು.

ಗಾಳಿ ತಿರುಗಿದ್ದು ಶತಮಾನದ ಮಧ್ಯದಲ್ಲಿ. ಜ್ಯೂರಿಕ್‌ನ ಆಯ್ಗನ್ ಡೋಲ್ಡರ್ ಎರಡು ಬೇರುಗಳ ಮೇಲೆ ಲೋಹದ ಟೋಪಿ ಹಾಕಿ, ಅವುಗಳ ನಡುವೆ ಒಂದು ಸರಳು ಕೂರಿಸಿದರು. ಸೆಟ್ಟಿನ ಒಳಗಿರೋ ಕ್ಲಿಪ್ಪು ಅದನ್ನು ಕಚ್ಚಿಕೊಳ್ಳುತ್ತೆ. 1961ರಲ್ಲಿ ಅವರ ಲೇಖನ ಅಮೆರಿಕದ ದಂತವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇನ್ನೊಂದು ಬಗೆ ನಮ್ಮ ಟಿಚ್ ಬಟನ್ ಥರ: ಬೇರಿನ ಮೇಲೆ ಪುಟ್ಟ ಗುಂಡು, ಸೆಟ್ಟಿನೊಳಗೆ ರಬ್ಬರ್ ಅಥವಾ ನೈಲಾನ್ ಉಂಗುರ. ಒತ್ತಿದರೆ ಟಕ್ ಅಂತ ಕೂರುತ್ತೆ.

ಲೆಕ್ಕ ಸಿಕ್ಕಿದ್ದು 1978ರಲ್ಲಿ. ಕ್ರಮ್ ಮತ್ತು ರೂನಿ ಅನ್ನೋ ಇಬ್ಬರು ಐದು ವರ್ಷ ರೋಗಿಗಳನ್ನು ಗಮನಿಸಿದರು. ಗುಂಪು ಸಣ್ಣದೇ. ಎಲ್ಲಾ ಹಲ್ಲು ಕಿತ್ತವರ ಕೆಳದವಡೆಯ ಮುಂಭಾಗದಲ್ಲಿ ಸರಾಸರಿ 5.2 ಮಿಲಿಮೀಟರ್ ಮೂಳೆ ಕರಗಿತ್ತು. ಎರಡು ಕೋರೆಹಲ್ಲಿನ ಬೇರು ಉಳಿಸಿಕೊಂಡವರಲ್ಲಿ ಬರೀ 0.6.

ಆದರೆ ಉಳಿಸಿಕೊಂಡದ್ದನ್ನು ನೋಡಿಕೊಳ್ಳಬೇಕು. ಸೆಟ್ಟು ಮೇಲೆ ಮುಚ್ಚಿಕೊಂಡಿರುವಾಗ ಎಂಜಲಿಗೂ ಬೇರಿನ ಹತ್ತಿರ ಹೋಗಿ ತೊಳೆಯೋಕೆ ಆಗಲ್ಲ. ಇಂಥ ಬೇರುಗಳು ಹಾಳಾಗೋದು ಹೆಚ್ಚಾಗಿ ಹುಳುಕಿನಿಂದ ಮತ್ತು ವಸಡಿನ ಕಾಯಿಲೆಯಿಂದ. ಹಾಗಾಗಿ ದಿನಾ ಸೆಟ್ಟು ತೆಗೆದು ಆ ಮೋಟು ಬೇರುಗಳನ್ನು ಮೆತ್ತನೆ ಬ್ರಷ್, ಫ್ಲೋರೈಡ್ ಪೇಸ್ಟ್ ಹಾಕಿ ಉಜ್ಜಬೇಕು. ಸೆಟ್ಟಿಗೆ ಮಾತ್ರ ಪೇಸ್ಟ್ ಬೇಡ, ಗೀರು ಬೀಳುತ್ತೆ, ಸೋಪು ಸಾಕು. ಬಿಸಿನೀರು ಬೇಡ, ಆಕಾರ ಕೆಡುತ್ತೆ. ರಾತ್ರಿ ಬಿಚ್ಚಿ ತಣ್ಣೀರಲ್ಲಿಡಿ. ಹಾಕಿಕೊಳ್ಳುವಾಗ ಕಚ್ಚಿ ಕೂರಿಸಬೇಡಿ, ಬೆರಳಲ್ಲಿ ಒತ್ತಿ. ಸಡಿಲ ಅನ್ನಿಸಿದರೆ ಬಹಳ ಸಲ ಸವೆದಿರೋದು ಆ ಉಂಗುರ ಅಷ್ಟೇ, ಅದನ್ನು ಬದಲಾಯಿಸಬಹುದು. ಆರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಿ.

ಕಥೆಗೆ ಇನ್ನೊಂದು ತಿರುವು ಇದೆ. 2002ರಲ್ಲಿ ಅದೇ ಮೆಕ್‌ಗಿಲ್‌ನಲ್ಲಿ ತಜ್ಞರು ಸೇರಿ ಒಂದು ಅಭಿಪ್ರಾಯಕ್ಕೆ ಬಂದರು: ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಮೊದಲ ಆಯ್ಕೆ ಎರಡು ಇಂಪ್ಲಾಂಟ್, ಅವುಗಳ ಮೇಲೆ ಕೂರುವ ಸೆಟ್ಟು. ಅಂದರೆ ಕಿತ್ತು ಎಸೆದ ಎರಡು ಬೇರಿನ ಜಾಗಕ್ಕೆ, ದುಡ್ಡು ಕೊಟ್ಟು, ಟೈಟಾನಿಯಂನ ಎರಡು ಬೇರು!

ಎಲ್ಲಾ ಹಲ್ಲನ್ನೂ ಉಳಿಸೋಕೆ ಆಗಲ್ಲ. ವಸಡು ಪೂರ್ತಿ ಸಡಿಲವಾಗಿದ್ದರೆ ಕೀಳಲೇಬೇಕು. ಆದರೆ ಮನೆಯ ಹಿರಿಯರಿಗೆ ಎಲ್ಲಾ ತೆಗೆಸಿಬಿಡಿ ಅಂತ ಯಾರಾದರೂ ಹೇಳಿದಾಗ, ಜೊತೆಗೆ ಹೋದ ನೀವು ಒಂದು ಪ್ರಶ್ನೆ ಕೇಳಬಹುದು: ಡಾಕ್ಟ್ರೇ, ಎರಡು ಬೇರಾದ್ರೂ ಉಳಿಸೋಕಾಗುತ್ತಾ? ಕೀಳೋ ಮೊದಲೇ ಕೇಳಿ, ಆಮೇಲೆ ಕೇಳಿ ಪ್ರಯೋಜನ ಇಲ್ಲ.