ಬಳ್ಳಾರಿಯ ಹಳೆಯ ಶಾಲೆಗಳಲ್ಲಿ ಓದಿನ ರೂಢಿ

ಮಕ್ಕಳಿಗೆ ಓದಿನ ಅಭ್ಯಾಸ ಹತ್ತಿಸುವುದು ಹೇಗೆಂದು, ನಿವೃತ್ತನಾದ ಮೇಲೂ ನನ್ನನ್ನು ಕೇಳುವವರಿದ್ದಾರೆ. ವೇಳಾಪಟ್ಟಿ, ಬಣ್ಣಬಣ್ಣದ ಪೆನ್ನು, ಮನೆಪಾಠ ಇವುಗಳ ವಿಷಯವನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಆದುದರಿಂದ ನಾನು ಎರಡು ಶತಮಾನಗಳ ಹಿಂದಿನ ಒಂದು ವರದಿಯ ಮಾತನ್ನು ತೆಗೆಯುತ್ತೇನೆ.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಡಳಿತಕ್ಕೆ ಸೇರಿದ ಜಿಲ್ಲೆಗಳ ಕಲೆಕ್ಟರುಗಳಿಂದ ದೇಶೀಯ ಶಾಲೆಗಳ ಲೆಕ್ಕವನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದನು. ಅವನು ಬರಿಯ ಅಂಕಿಗಳ ಪಟ್ಟಿಯನ್ನು ಕಳುಹಿಸಿ ಸುಮ್ಮನಾಗದೆ, ಮಕ್ಕಳು ಹೇಗೆ ಕಲಿಯುತ್ತಾರೆಂಬುದನ್ನೂ ವಿವರಿಸಿದನು. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ‘ದಿ ಬ್ಯೂಟಿಫುಲ್ ಟ್ರೀ’ ಗ್ರಂಥದಲ್ಲಿ ಈ ವರದಿ ಪೂರ್ತಿಯಾಗಿ ದೊರೆಯುತ್ತದೆ.

ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರದ ಸೀಮೆಯೂ ಸೇರಿತ್ತು. ಅಲ್ಲಿದ್ದ ಶಾಲೆಗಳು 533, ವಿದ್ಯಾರ್ಥಿಗಳು 6,641. ಶಾಲೆಗೆ ಹನ್ನೆರಡು ಮಕ್ಕಳೆಂದಾಯಿತು. ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಇಂಗ್ಲಿಷ್ ಕಲಿಸುತ್ತಿದ್ದುದು ಒಂದೇ ಒಂದು. ನಮ್ಮ ಹಿರಿಯರು ಕೂಲಿಮಠವೆಂದು ಕರೆಯುತ್ತಿದ್ದ ಬಗೆಯ ಶಾಲೆಗಳಿವು.

ಮಕ್ಕಳು ಬೆಳಗಿನ ಆರು ಗಂಟೆಗೆ ಬರಬೇಕು. ಮೊದಲು ಬಂದವನ ಅಂಗೈಯ ಮೇಲೆ ಐಗಳು ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಸೋಮಾರಿಗಳನ್ನು ಕೈಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆಯೂ ಇತ್ತು. ಹಳೆಯದೆಲ್ಲ ಹೊನ್ನೆನ್ನುವವರು ಈ ಸಾಲನ್ನು ಓದಬೇಕು.

ಇನ್ನು ಕಲಿಕೆಯ ಕ್ರಮ. ಮಗು ಅಕ್ಷರಗಳನ್ನು ಬಾಯಲ್ಲಿ ಹೇಳುತ್ತ ಕಲಿಯುತ್ತಿರಲಿಲ್ಲ. ನೆಲದ ಮೇಲಿನ ಮರಳಿನಲ್ಲಿ ಬೆರಳಿನಿಂದ ತಿದ್ದುತ್ತ ಕಲಿಯುತ್ತಿತ್ತು. ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ಸುಮಾರು ಮೂರು ಅಡಿ ಉದ್ದ, ಒಂದು ಅಡಿ ಅಗಲದ ನುಣುಪಾದ ಮರದ ಪಟ್ಟಿ. ಅದಕ್ಕೆ ಅನ್ನವನ್ನೂ ಇದ್ದಿಲಪುಡಿಯನ್ನೂ ಬಳಿಯುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಗಟ್ಟಿಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟದ್ದು. (ಇಂದು ಸರ್ಕಾರಿ ಕಚೇರಿಗಳಲ್ಲಿ ಧೂಳು ತಿನ್ನುತ್ತಿರುವ ಕಡತದ ಹೆಸರಿನ ಮೂಲ ಇಲ್ಲಿದೆ!) ಬರೆಯಲು ಬಳಪ. ಬರೆದುದನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಹಲಗೆ ಮತ್ತೆ ಬರಿದು.

ನನ್ನ ಮಟ್ಟಿಗೆ ಇಡೀ ಪದ್ಧತಿಯ ತಿರುಳು ಈ ಒರೆಸುವಿಕೆಯಲ್ಲಿದೆ. ನೋಟುಪುಸ್ತಕದಲ್ಲಿ ಬರೆದುದು ಅಲ್ಲೇ ಇರುತ್ತದೆ, ನಮಗೆ ಮರೆಯಲು ಧೈರ್ಯ ಬರುತ್ತದೆ. ಒರೆಸಿಹೋದುದನ್ನಾದರೋ ತಲೆಯೊಳಗಿಂದಲೇ ಮತ್ತೆ ತೆಗೆಯಬೇಕು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ, ಪಾಠವನ್ನು ಮುಚ್ಚಿಟ್ಟು ನೆನಪಿನಿಂದ ಬರೆದವರೇ ಮುಂದಾದರು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕವನ್ನು ತಿರುವಿಹಾಕುವ ಹುಡುಗರಿಗೆ ಎಲ್ಲವೂ ಬಂದಂತೆಯೇ ಅನ್ನಿಸುವ ಗುಟ್ಟು ಇದೇ ಇರಬೇಕು.

ಎರಡನೆಯ ರೂಢಿ, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದು. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳು. ಕೆಳಗಿನವು ಹಿರಿಯ ವಿದ್ಯಾರ್ಥಿಗಳ ವಶ. ಹೇಳಿಕೊಡುವವನ ತಿಳಿವೂ ಇದರಿಂದ ಗಟ್ಟಿಯಾಗುತ್ತದೆಂದು ಕ್ಯಾಂಪ್‌ಬೆಲ್ ಮೆಚ್ಚಿದ್ದಾನೆ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದೂ ಹೇಳುತ್ತಾನೆ. ಆ ಮಾತಿನ ಹಿಂದೆ ಆಂಡ್ರ್ಯೂ ಬೆಲ್ ಇದ್ದಾನೆ. ಮದರಾಸಿನ ಎಗ್ಮೋರಿನ ಅನಾಥಾಲಯದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆ ಪಾದ್ರಿ, ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನಲ್ಲಿಯೂ ತಂದನು, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅದರ ಪುಸ್ತಕ ತಂದನು. ಅಲ್ಲಿ ಅದಕ್ಕೆ ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು. ನಾನೂ ಎಂಟನೆಯ ತರಗತಿಯಲ್ಲಿ ಬೀಜಗಣಿತ ತಿಳಿದವನನ್ನು ತಿಳಿಯದವನ ಪಕ್ಕದಲ್ಲಿ ಕೂರಿಸುತ್ತಿದ್ದೆ. ಹೇಳಿಕೊಡಲು ಹೋಗಿ ತಡವರಿಸಿ, “ಸಾರ್, ಇದು ಹೀಗೇಕೆ?” ಎಂದು ಎದ್ದು ಬರುತ್ತಿದ್ದವನು ಹೆಚ್ಚಾಗಿ ಆ ತಿಳಿದವನೇ.

ಕೊರತೆಗಳನ್ನು ವರದಿ ಮುಚ್ಚಿಟ್ಟಿಲ್ಲ. ಹಳೆಯ ಕಾವ್ಯಗಳ ಭಾಷೆ ಆಡುಮಾತಿಗಿಂತ ಬೇರೆ. ಮಕ್ಕಳು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತಿದ್ದರು, ಕಲಿಸುವವರಲ್ಲೂ ಅನೇಕರಿಗೆ ಅರ್ಥ ಗೊತ್ತಿರಲಿಲ್ಲ. 6,641 ಮಕ್ಕಳಲ್ಲಿ ಹುಡುಗಿಯರು ಅರವತ್ತೇ ಮಂದಿ. ಜನಸಂಖ್ಯೆಯಲ್ಲಿ ಸಾವಿರಕ್ಕೆ ಏಳು ಮಂದಿಯೂ ಶಾಲೆಯಲ್ಲಿರಲಿಲ್ಲ.

ಹಿಂದೆ ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಆಗಲೇ ಶಾಲೆ ಮುಚ್ಚಿತ್ತು. ವಿಲಾಯಿತಿ ಬಟ್ಟೆ ಬಂದು ನೇಕಾರಿಕೆ ಕುಸಿದು ಜನ ಬಡವರಾದರೆಂದು ಕಂಪನಿಯ ಅಧಿಕಾರಿಯೇ ಬರೆಯುತ್ತಾನೆ. ಐಗಳಿಗೆ ಕೊಡಲು ತಂದೆತಾಯಿಗಳ ಕೈಯಲ್ಲಿ ಏನೂ ಉಳಿದಿರಲಿಲ್ಲ. ಮಗುವಿನ ಎಳೆಯ ಕೈಗಳಿಗೆ ತುಸು ಬಲ ಬಂದೊಡನೆ ಅವು ದುಡಿಮೆಗೆ ಬೇಕಾಗುತ್ತಿದ್ದವು.